ಸತ್ಯಾಂಶ: ಇಂಪ್ಯಾಕ್ಟ್ ವೆಸ್ಟ್ ಎಂದರೆ ಲೈಫ್ ಜಾಕೆಟ್ ಅಲ್ಲ

ರಾಮೇಶ್ವರದಂಥ ಕಡಲತೀರಗಳಲ್ಲಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಬೋರ್ಡಿನ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ) ಕಲಿಯಲು ಹೊರಡುವವರಿಗೆ, ‘ಇಂಪ್ಯಾಕ್ಟ್ ವೆಸ್ಟ್ ತೊಟ್ಟರೆ ಸಾಕು, ಪ್ರಜ್ಞೆ ತಪ್ಪಿದರೂ ಮುಖ ನೀರಿನ ಮೇಲೆಯೇ ಇರುತ್ತದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬರುವುದುಂಟು. ಇದು ನಿಜವಲ್ಲ. ಈ ವೆಸ್ಟಿನ ತೆಳು ಫೋಮ್ ಇರುವುದು, ವೇಗವಾಗಿ ನೀರಿಗೋ ಬೋರ್ಡಿಗೋ ಬಡಿದಾಗ ಪಕ್ಕೆಲುಬುಗಳಿಗೆ ಬೀಳುವ ಪೆಟ್ಟನ್ನು ತಗ್ಗಿಸಲು; ಅದು ಅಲ್ಪಸ್ವಲ್ಪ ತೇಲಿಸುತ್ತದೆಯಾದರೂ, ಹೆಚ್ಚಿನವು ತೇಲುಸಾಧನವೆಂದು ಪ್ರಮಾಣಪತ್ರ ಪಡೆದಿರುವುದಿಲ್ಲ.

ತೇಲುಸಾಧನಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 12402-5ರ 50 ನ್ಯೂಟನ್ (ತೇಲಿಸುವ ಬಲದ ಅಳತೆ) ವೆಸ್ಟ್ ಸುಮಾರು 5 ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ದೇಹದ ಬಹುಪಾಲು ತೂಕವನ್ನು ನೀರೇ ಹೊರುವುದರಿಂದ, ಈಜು ಬಲ್ಲ, ಎಚ್ಚರವಿರುವ ವ್ಯಕ್ತಿಗೆ ಸಹಾಯ ಹತ್ತಿರವಿದ್ದಲ್ಲಿ ಅಷ್ಟು ಸಾಕು. ಪ್ರಜ್ಞೆ ತಪ್ಪಿದವರನ್ನು ಅಂಗಾತ ಹೊರಳಿಸುವ ಭರವಸೆಯನ್ನು ಅದೂ ಕೊಡುವುದಿಲ್ಲ. ಅದಕ್ಕೆಂದೇ ರೂಪಿಸಿದ 100 ನ್ಯೂಟನ್ ಮತ್ತು ಅದಕ್ಕೂ ಮೇಲಿನ ಲೈಫ್ ಜಾಕೆಟ್‌ಗಳು ಎದೆಯ ಮೇಲೆ ಉಬ್ಬಿಕೊಂಡು ಗಾಳಿಪಟವನ್ನು ನಿಯಂತ್ರಿಸುವ ಬಾರ್ ಹಿಡಿಯಲು ಅಡ್ಡಿಯಾಗುತ್ತವೆ.

ಆದ್ದರಿಂದ ಹೊಸಬರಿಗೆ, ನನ್ನ ದೃಷ್ಟಿಯಲ್ಲಿ, ಸೊಂಟದವರೆಗೆ ಮಾತ್ರ ಬರುವ, ಪ್ರಮಾಣೀಕೃತ 50 ನ್ಯೂಟನ್ ವೆಸ್ಟ್ ಮೇಲು. ಕೊಳ್ಳುವ ಮೊದಲು ಸೊಂಟದ ಹಾರ್ನೆಸ್ (ಗಾಳಿಪಟದ ಎಳೆತವನ್ನು ದೇಹಕ್ಕೆ ಜೋಡಿಸುವ ಪಟ್ಟಿ) ಸಹಿತ ತೊಟ್ಟು, ಭುಜದ ಬಳಿ ಹಿಡಿದು ಯಾರಾದರೂ ಮೇಲೆಳೆದಾಗ ವೆಸ್ಟ್ ಗಲ್ಲದವರೆಗೆ ಏರಿದರೆ, ಆ ಅಳತೆ ಬೇಡ. ಹಾರ್ನೆಸ್‌ನ ಕೊಕ್ಕೆಯೂ ಕ್ವಿಕ್ ರಿಲೀಸ್ (ಅಪಾಯದಲ್ಲಿ ಗಾಳಿಪಟವನ್ನು ಥಟ್ಟನೆ ಬಿಡಿಸುವ ಸಾಧನ) ಕೂಡ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇರಬೇಕು. ನೀರು ತಾಗಿದೊಡನೆ ತಾನಾಗಿ ಉಬ್ಬುವ ಮಾದರಿಯಂತೂ, ಗಳಿಗೆಗೊಮ್ಮೆ ನೀರಿಗೆ ಬೀಳುವ ಕಲಿಕೆಯವರಿಗೆ ಹೊಂದುವುದೇ ಇಲ್ಲ.