ಮೂರು ಕೂಗಿಗೆ ಮೂರು ಹುಣಸೆ ಬೀಜ

ಆಗಸ್ಟ್ ರಜೆಗೆ ಇಂಗ್ಲೆಂಡಿನ ಲೀಡ್ಸ್‌ನಿಂದ ಶಿವಮೊಗ್ಗಕ್ಕೆ ಬಂದಿಳಿದ ಮರುದಿನ ಬೆಳಿಗ್ಗೆಯೇ ಕುಕ್ಕರ್ ಕೂಗಿತು. ಡೌನ್ ಸಿಂಡ್ರೋಮ್ ಇರುವ ನನ್ನ ಹನ್ನೊಂದರ ಮಗ ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದ. ಒಗ್ಗರಣೆಯಿಂದ ಕಣ್ಣು ತೆಗೆಯದೆ ಅತ್ತಿಗೆ ಹೇಳಿದರು: "ಬಿಡಿ, ಇಂಥ ಮಕ್ಕಳು ಇರುವುದೇ ಹಾಗೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಅಣ್ಣನ ಮಗಳು ಪರೀಕ್ಷೆಗೆ ಹೆದರಿ ಊಟ ಬಿಟ್ಟರೆ ಅದು ಭಯ. ಮನೆಮಂದಿಯೆಲ್ಲ ಸುತ್ತ ಕುಳಿತು ಸಮಾಧಾನ ಹೇಳುತ್ತಾರೆ. ನನ್ನ ಮಗ ಹೆದರಿದರೆ ಅದು ಸ್ವಭಾವ. ಇಲ್ಲವೇ ಹಠ, ಅದೂ ಅಲ್ಲದಿದ್ದರೆ ದೃಷ್ಟಿ. ಬುದ್ಧಿ ನಿಧಾನವೆಂದು ಗೊತ್ತಾದ ಮೇಲೆ ಮಗುವಿನ ಉಳಿದೆಲ್ಲ ಸಂಕಟವೂ ಆ ಒಂದೇ ಖಾತೆಗೆ ಜಮೆ.

ಲೀಡ್ಸ್‌ನಲ್ಲಿ ಅವನ ಶತ್ರು ಶೌಚಾಲಯದ ಕೈ ಒಣಗಿಸುವ ಯಂತ್ರ. ಅಲ್ಲಿನ ಮನಶ್ಶಾಸ್ತ್ರಜ್ಞೆ ಭಯವನ್ನು ಭಯವೆಂದೇ ಕರೆದರು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಯೋಚನೆಯನ್ನು ತಿದ್ದುವ ಮಾತಿನ ಚಿಕಿತ್ಸೆ ತನ್ನ ಯೋಚನೆಯನ್ನು ತಾನೇ ಬಿಡಿಸಿ ಹೇಳಬಲ್ಲವರಿಗೆ ಸರಿ. "ಮನಸ್ಸಿನಲ್ಲಿ ಏನು ಬಂತು?" ಎಂದರೆ ನನ್ನ ಮಗ ಕಿಟಕಿ ನೋಡುತ್ತಾನೆ. ಆಕೆ ಆ ಪ್ರಶ್ನೆಯನ್ನೇ ಕೈಬಿಟ್ಟರು. ಭೇಟಿಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ಹೇಳುವುದು ಅವನಿಂದಾಗದು. ಮನೆಯಲ್ಲಿ ದಿನವೂ ಏನೇನು ಮುಟ್ಟುತ್ತಾನೆ ಎಂದು ವಿಚಾರಿಸಿದರು. ಮುಂದಿನ ವಾರ ಲೋಟ, ಚೊಂಬು, ಕೊಡ ಹೊತ್ತುಕೊಂಡು ಹೋದೆ: ಸಣ್ಣ ಭಯಕ್ಕೆ ಲೋಟ, ದೊಡ್ಡದಕ್ಕೆ ಕೊಡ. (ಲೀಡ್ಸ್ ಬಸ್ಸಿನಲ್ಲಿ ಹಿತ್ತಾಳೆ ಕೊಡ!) ಯಂತ್ರದ ಚಿತ್ರ ತೋರಿಸಿದರೆ ಲೋಟ ಮುಟ್ಟಿದ. ಮೊಬೈಲಿನಲ್ಲಿ ಅದರ ಸದ್ದು ಕೇಳಿಸಿದರೆ ಚೊಂಬು. ಶೌಚಾಲಯದ ಬಾಗಿಲಲ್ಲಿ ಕೊಡವನ್ನೇ ತಬ್ಬಿಕೊಂಡ. ಕೊಡ ಚೊಂಬಿಗೆ ಇಳಿದ ಮೇಲೆಯೇ ಮುಂದಿನ ಹೆಜ್ಜೆ.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯದ ಹತ್ತಿರ ಕರೆದೊಯ್ಯಬಹುದೆಂದು ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ಅದೇ ವರ್ಷ ಭಾರತದಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಅಡುಗೆಮನೆಯ ಮಾತು ಮಾತ್ರ ಇದ್ದಲ್ಲೇ ಇದೆ.

ಇಷ್ಟು ದೂರಿದ ಮೇಲೆ ಒಂದನ್ನು ನುಂಗಿಕೊಳ್ಳಲಾರೆ. ಆ ಚಿಕಿತ್ಸೆಗಾಗಿ ಹದಿನಾಲ್ಕು ತಿಂಗಳು ಸರದಿ ಕಾದಿದ್ದೆವು. ಅಷ್ಟೂ ದಿನ ನಮ್ಮ ಬಾಗಿಲು ತಟ್ಟಿ ವಿಚಾರಿಸಿದವರಿಲ್ಲ. ಇಲ್ಲಿ ಅಮ್ಮ ಎರಡನೆಯ ದಿನವೇ ಮೊಮ್ಮಗನನ್ನು ಜಗಲಿಯಲ್ಲಿ ಕೂರಿಸಿ, ಮುಂದೆ ಹುಣಸೆ ಬೀಜ ಸುರಿದರು: ಕುಕ್ಕರ್ ಕೂಗಿದಾಗಲೆಲ್ಲ ಒಂದು ಬೀಜ ತಟ್ಟೆಗೆ. ವಾರದ ಹೊತ್ತಿಗೆ ತಟ್ಟೆ ನಡುಮನೆಗೆ ಬಂತು. ನಾವು ಹೊರಡುವ ಹಿಂದಿನ ದಿನ ಅವನು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ಒಂದು ಕಿವಿ ಮುಚ್ಚಿಕೊಂಡೇ, "ಮೂರಾಯಿತು, ಆರಿಸು" ಎಂದು ಅತ್ತಿಗೆಗೆ ಹುಕುಂ ಮಾಡಿದ.