ಮೂಳೆ ಸವೆತ ಹೆಂಗಸರಿಗೆ ಮಾತ್ರ ಅಲ್ಲ: ಒಂದು ಸ್ಪಷ್ಟನೆ

"ಮೂಳೆ ಮುರಿದ ಮೇಲೆ ಮೂಳೆ ಸವೆಯೋದು, ಸ್ನಾಯು ಕರಗೋದು ಹೆಂಗಸರಿಗೆ ಮಾತ್ರ. ಗಂಡಸರು ಪ್ಲಾಸ್ಟರ್ ಬಿಚ್ಚಿದರೆ ಮೊದಲಿನಂತೆ ಆಗ್ತಾರೆ" ಎಂಬ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ಇದನ್ನು ನಂಬಬೇಡಿ.

ಇದರಲ್ಲಿ ಸ್ವಲ್ಪ ನಿಜ ಇದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಕಡಿಮೆಯಾಗಿ ಹೆಂಗಸರ ಮೂಳೆ ಬೇಗ ತೆಳುವಾಗುತ್ತದೆ. ಹಾಗಾಗಿ ಮುರಿತ ಅವರಲ್ಲೇ ಜಾಸ್ತಿ. 50 ದಾಟಿದ ಹೆಂಗಸರಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಮೂಳೆ ಸವೆತದಿಂದ (ಮೂಳೆ ತೆಳುವಾಗುವ ಆಸ್ಟಿಯೊಪೊರೋಸಿಸ್) ಮುರಿತ ಆಗುತ್ತದೆ. ಗಂಡಸರಲ್ಲಿ 5ರಲ್ಲಿ ಒಬ್ಬರಿಗೆ. ಅದೇನೂ ಕಡಿಮೆ ಅಲ್ಲ, ಅಲ್ವಾ?

ಮುರಿದ ಮೇಲಿನ ವಿಷಯ ಇನ್ನೂ ಮುಖ್ಯ. ಓಡಾಡದೆ ಮಲಗಿದರೆ ಕೆಲವೇ ದಿನಗಳಲ್ಲಿ ಸ್ನಾಯು ಕರಗಲು ಶುರುವಾಗುತ್ತದೆ. ಭಾರ ಬೀಳದ ಮೂಳೆಯೂ ತೆಳುವಾಗುತ್ತದೆ. ಇದಕ್ಕೆ ಗಂಡು, ಹೆಣ್ಣು ಎಂಬ ಭೇದವಿಲ್ಲ. ವಯಸ್ಸಾದವರಲ್ಲಿ ಹೀಗೆ ಹೋದ ಬಲ ಮರಳಿ ಬರುವುದು ನಿಧಾನ.

ನನಗೆ ನಿಜವಾಗಿ ಆತಂಕ ತರುವುದು ಬೇರೆ ಸಂಗತಿ. ಸೊಂಟದ ಕೀಲಿನ ಬಳಿ ಮೂಳೆ ಮುರಿದ ನಂತರದ ಮೊದಲ ವರ್ಷದಲ್ಲಿ ಸಾವಿನ ಪ್ರಮಾಣ ಗಂಡಸರಲ್ಲೇ ಹೆಚ್ಚು. ಬೀಳುವ ಹೊತ್ತಿಗೆ ಅವರಿಗೆ ಬೇರೆ ಕಾಯಿಲೆಗಳೂ ಜಾಸ್ತಿ ಇರುತ್ತವೆ ಎಂಬುದು ಒಂದು ಕಾರಣ. ಆದರೂ ಮೂಳೆ ಸವೆತದ ಪರೀಕ್ಷೆ, ಔಷಧಿ ಅವರಿಗೆ ಸಿಗುವುದು ಕಡಿಮೆ. "ಇದು ಹೆಂಗಸರ ಕಾಯಿಲೆ" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ.

 

50 ದಾಟಿದವರು ನಿಂತಲ್ಲೇ ಜಾರಿಬಿದ್ದು ಮೂಳೆ ಮುರಿದುಕೊಂಡರೆ, ಗಂಡಸಾಗಲಿ ಹೆಂಗಸಾಗಲಿ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಯಾವಾಗಿನಿಂದ ಎದ್ದು ಓಡಾಡಬಹುದು ಎಂದೂ ಅವತ್ತೇ ಕೇಳಿ.