ದಣಪೆ ಹತ್ರ ಡ್ರೈವರು

ನಮ್ಮನೆ ಶಿರಸಿಯಿಂದ ಸ್ವಲ್ಪ ಒಳಗೆ. ಮೊಬೈಲ್ ನೆಟ್ವರ್ಕ್ ಸಿಗೋದು ದಣಪೆ (ಗಳು ಅಡ್ಡ ಹಾಕಿದ ಬೇಲಿ ಬಾಗಿಲು) ಹತ್ರ ಮಾತ್ರ, ಅದೂ ನಿಂತ್ರೆ ಎರಡು ಕಡ್ಡಿ, ಕೂತ್ರೆ ಒಂದು. ಅದಕ್ಕೇ ಜಗಲಿಗೆ ಫೈಬರ್ ಹಾಕಿಸಿದ್ದು. ಈ ಮಳೆಗಾಲದ ಥಂಡಿಗೆ ಹಳೇ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಸತ್ತೋಯ್ತು, ಕೇಬಲ್ ಚುಚ್ಚೋಣ ಅಂದ್ರೆ ಲ್ಯಾನ್ ತೂತಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿತ್ತು, ಅದನ್ನ ಕೆದಕೋಕೆ ಹೋಗಿ ಒಳಗಿನ ಪಿನ್ನುಗಳನ್ನೂ ಬಗ್ಗಿಸಿಟ್ಟೆ. ಸರಿ, ಪೇಟೆಗೆ ಹೋಗಿ ಉಗುರಿನಷ್ಟುದ್ದದ ಒಂದು ವೈಫೈ ಡಾಂಗಲ್ ತಂದೆ. ನನ್ನ ಲ್ಯಾಪ್‌ಟಾಪ್ ಓಡೋದು ವಿಂಡೋಸಲ್ಲಲ್ಲ, ಲಿನಕ್ಸಲ್ಲಿ. ಡಬ್ಬಿ ಮೇಲೂ ಲಿನಕ್ಸ್ ಅಂತ ಬರೆದಿತ್ತು. ಯಾವ ಕಾಲದ ಲಿನಕ್ಸು ಅಂತ ಬರೆದಿರ್ಲಿಲ್ಲ, 1991ರಿಂದ ಇದೆಯಲ್ಲ ಅದು.

ಚುಚ್ಚಿದ್ರೆ ಕಂಪ್ಯೂಟರು ಅದನ್ನ ಸೀಡಿ ಅಂದ್ಕೊಂತು. ಇದರ ಹೊಟ್ಟೆಯಲ್ಲೇ ವಿಂಡೋಸಿನ ಡ್ರೈವರ್, ಅಂದ್ರೆ ಡಾಂಗಲ್ ನಡೆಸೋ ತಂತ್ರಾಂಶ, ತುಂಬಿಟ್ಟಿರ್ತಾರೆ, ಹಾಗಾಗಿ ಮೊದಲು ಸೀಡಿ ವೇಷ ಕಟ್ಕೊಂಡೇ ರಂಗಕ್ಕೆ ಬರೋದು, ಇಜೆಕ್ಟ್ ಕೊಟ್ಮೇಲೆ ವೇಷ ಕಳಚಿ ವೈಫೈ ಆಗೋದು. ಹೊರಗೆ ಹೋಗು ಅಂದ್ರೆ ಒಳಗೆ ಬರೋ ನೆಂಟ! ಬಂದ್ಮೇಲೂ ಮಾತಿಲ್ಲ ಕತೆಯಿಲ್ಲ. ಲಿನಕ್ಸಿನ ಡ್ರೈವರ್ ಬೇಕು, ಅದನ್ನ ನಾವೇ ಕಂಪೈಲ್ ಮಾಡ್ಬೇಕು, ಅಂದ್ರೆ ಕೋಡಿಂದ ಕಟ್ಕೋಬೇಕು, ಅದಕ್ಕೆ ಜಿಸಿಸಿ ಅನ್ನೋ ಹತಾರ ಬೇಕು, ಮೇಕ್ ಅನ್ನೋದು ಬೇಕು, ಲಿನಕ್ಸಿನ ತಿರುಳು ಕರ್ನಲ್, ಓಡ್ತಿರೋ ಆ ಕರ್ನಲ್ಲಿಗೇ ಹೊಂದೋ ಹೆಡರ್ ಫೈಲ್ ಬೇಕು, ಇವೆಲ್ಲ ಇರೋದು ನೆಟ್ಟಲ್ಲಿ. ನೆಟ್ ಬರೋಕೆ ನೆಟ್ ಬೇಕು.

ಕಂಬಳಿ ಕೊಪ್ಪೆ ಹಾಕ್ಕೊಂಡು, ಒಂದು ಕೈಯಲ್ಲಿ ಕೊಡೆ, ದಣಪೆ ಗಳುವಿನ ಮೇಲೆ ಲ್ಯಾಪ್‌ಟಾಪ್, ಅದಕ್ಕೆ ಕೇಬಲ್ಲಲ್ಲಿ ಜೋತುಬಿದ್ದ ಫೋನು. ಮುಕ್ಕಾಲು ಗಂಟೆ. ಡೈರಿಗೆ ಹಾಲು ಒಯ್ತಿದ್ದ ಕೆಳಗಿನಮನೆ ಮಾವ ನಿಂತು ನೋಡಿ, ದನಿ ಇಳಿಸಿ ಕೇಳಿದ್ರು, "ಎಂತದೋ ತಮಾ, ಮನೆಲಿ ಜಗಳನ?"

ಡ್ರೈವರ್ ಕಂಪೈಲ್ ಆಯ್ತು, ಆದ್ರೆ ಸೆಕ್ಯೂರ್ ಬೂಟ್ ಅನ್ನೋ ಲ್ಯಾಪ್‌ಟಾಪಿನ ಕಾವಲುಗಾರ ಒಳಗೆ ಬಿಡ್ಲಿಲ್ಲ, ಸಹಿ ಇಲ್ಲವಂತೆ. ಸಹಿಗೊಂದು ಡಿಜಿಟಲ್ ಕೀ ಮಾಡಿ, ಸಹಿ ಹಾಕಿ, ಪಾಸ್‌ವರ್ಡ್ ಕೊಟ್ಟು ರೀಸ್ಟಾರ್ಟ್ ಮಾಡಿದ್ರೆ ನೀಲಿ ಸ್ಕ್ರೀನ್ ಬಂದು 10 ಸೆಕೆಂಡ್ ಕಾಯತ್ತೆ, ಅಷ್ಟರಲ್ಲಿ ಯಾವುದಾದ್ರೂ ಬಟನ್ ಒತ್ಬೇಕು. ಸರಿಯಾಗಿ ಆ ಹತ್ತೇ ಸೆಕೆಂಡಿಗೆ ಆಯಿ ಒಳಗಿಂದ "ತೆಳ್ಳೇವು ತಣಿತಾ ಇದ್ದು" ಅಂದ್ಲು, ನಾನು ಆ ಕಡೆ ತಿರುಗಿ "ಬಂದೆ" ಅಂದೆ, ಮುಗೀತು. ಮತ್ತೆ ಮೊದಲಿಂದ. ಎರಡನೇ ಸಲ ತೆಳ್ಳೇವಿನ ತಟ್ಟೆಯನ್ನೇ ಪಕ್ಕದಲ್ಲಿಟ್ಕೊಂಡು, ಜೋನಿಬೆಲ್ಲದ ಬೆರಳಲ್ಲೇ ಎಂಟರ್ ಒತ್ತಿದೆ, ಆ ಕೀ ಇವತ್ತಿಗೂ ಅಂಟ್ತದೆ. ವೈಫೈ ಬಂತು!

ನಾಲ್ಕೇ ದಿನ. ಅಪ್‌ಡೇಟಲ್ಲಿ ಹೊಸ ಕರ್ನಲ್ ಬಂತು, ಡ್ರೈವರು ಹಳೇ ಕರ್ನಲ್ಲಿನ ಜೊತೆ ಹೋಯ್ತು. ಡಿಕೆಎಂಎಸ್ ಅನ್ನೋ ಹತಾರ ಹಾಕಿಟ್ಟಿದ್ರೆ ಪ್ರತಿ ಕರ್ನಲ್ಲಿಗೂ ಡ್ರೈವರು ತಾನೇ ಕಂಪೈಲ್ ಆಗ್ತಿತ್ತು, ಹಾಗಂತ ಡ್ರೈವರ್ ಜೊತೆಗಿನ ಸೂಚನೆಯಲ್ಲೇ ಇತ್ತು. ದಣಪೆ ಹತ್ರ ಮಳೆಯಲ್ಲಿ ಆ ಸಾಲು ಯಾರು ಓದ್ತಾರೆ?

ಮತ್ತೆ ಕೊಡೆ ಎತ್ಕೊಂಡು ಹೊರಟೆ. ರಜೆಗೆ ಬಂದಿದ್ದ ಚಿಕ್ಕಪ್ಪನ ಮಗಳು ಜಗಲಿಯಲ್ಲಿ ಮಲಗಿ ರೀಲ್ಸ್ ನೋಡ್ತಿದ್ದೋಳು ತಲೆ ಎತ್ತದೇ ಹೇಳಿದ್ಲು, "ಅಣ್ಣಾ, ಫೋನಿಗೆ ಇಲ್ಲೇ ವೈಫೈ ಬತ್ತಾ ಇದ್ದಲಾ, ಕೇಬಲ್ಲು ಇಲ್ಲೇ ಚುಚ್ಚು."

ಚುಚ್ಚಿದೆ. ಯುಎಸ್‌ಬಿ ಟೆದರಿಂಗ್ ಒತ್ತಿದೆ. ಮೊಬೈಲ್ ಡೇಟಾ ಬೇಡ, ಡಾಂಗಲ್ ಬೇಡ, ಡ್ರೈವರ್ ಬೇಡ, ಮನೆ ವೈಫೈ ಫೋನಿನ ಮೂಲಕ ನೆಟ್ಟಗೆ ಲ್ಯಾಪ್‌ಟಾಪಿಗೆ ಇಳೀತು.

"ಹಂಗಾರೆ ಮೊನ್ನೆ ಮಳೆಲಿ ನೆನೆದಿದ್ದು ಎಂತಕ್ಕೋ?" ಅಂದ್ಲು ಆಯಿ.

ನಾನು ಇನ್ನೊಂಚೂರು ಜೋನಿಬೆಲ್ಲ ಕೇಳ್ದೆ.